ನಾಲೆ ಏರಿಯ ಓಟಗಾರನ ವರ್ಷದ ಲೆಕ್ಕ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಹವ್ಯಾಸಿ ಓಟಗಾರರು ಎರಡು ಲೆಕ್ಕ ತೆಗೆಯುತ್ತಾರೆ. ವರ್ಷದಲ್ಲಿ ಎಷ್ಟು ಕಡೆ ಓಡಿದೆ, ಎಲ್ಲಿ ಎಷ್ಟು ನಿಮಿಷಕ್ಕೆ ಮುಗಿಸಿದೆ ಎಂಬುದು ಮೊದಲನೆಯದು. ಅದನ್ನು ಸಿಕ್ಕವರಿಗೆಲ್ಲ ಹೇಳುತ್ತಾರೆ, ವಾಟ್ಸ್ಯಾಪ್ ಸ್ಟೇಟಸ್ಸಿಗೂ ಹಾಕುತ್ತಾರೆ. ಅದಕ್ಕೆಲ್ಲ ಎಷ್ಟು ದುಡ್ಡು ಹೋಯಿತು ಎಂಬುದು ಎರಡನೆಯದು. ಅದನ್ನು ಮನೆಯವರಿಗೂ ಪೂರ್ತಿ ಹೇಳುವವರು ಕಡಿಮೆ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಅದರಲ್ಲೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಓಡುವವರ ಹಾಳೆಯನ್ನು ನೋಡಬೇಕು. ಓಡುವುದಕ್ಕೆ ಆಗುವ ಖರ್ಚು ಎಷ್ಟು, ಓಡಿದ್ದು ಪಟ್ಟಿಯಲ್ಲಿ ದಾಖಲಾಗುವುದಕ್ಕೆ ಆಗುವ ಖರ್ಚು ಎಷ್ಟು ಎಂಬುದು ಅಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ.

ನಮ್ಮ ಕಡೆ ಬೆಳಗಿನ ಜಾವ ನಾಲೆ ಏರಿಯ ಮೇಲೆ ಎದುರಾಗುವವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಕೆಲಸಕ್ಕಾಗಿ ಓಡುತ್ತಿರುವವರು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಗ್ನಿವೀರ್ ಭರ್ತಿಯಲ್ಲಿ ಅಷ್ಟೇ ದೂರಕ್ಕೆ ಪೂರ್ತಿ ಅಂಕ ಬೇಕೆಂದರೆ 5 ನಿಮಿಷ 30 ಸೆಕೆಂಡು ದಾಟುವಂತಿಲ್ಲ. ಐದೂವರೆ ನಿಮಿಷದಲ್ಲಿ ಅದನ್ನು ಮುಗಿಸುವ ಹುಡುಗ ಕಿಲೋಮೀಟರಿಗೆ 3 ನಿಮಿಷ 26 ಸೆಕೆಂಡಿನ ವೇಗದಲ್ಲಿ ಓಡಿರುತ್ತಾನೆ. ನಗರದ ಹತ್ತು ಕಿಲೋಮೀಟರ್ ಓಟದಲ್ಲಿ ಒಂದು ಗಂಟೆಗೆ ಮುಗಿಸಿ ಖುಷಿಪಡುವವರ ವೇಗ ಕಿಲೋಮೀಟರಿಗೆ 6 ನಿಮಿಷ. ಕೆಲಸ ಸಿಕ್ಕಿತೋ, ಹುಡುಗನ ಓಟ ನಿಲ್ಲುತ್ತದೆ. ವಯೋಮಿತಿ ಮೀರಿತೋ, ಆಗಲೂ ನಿಲ್ಲುತ್ತದೆ. ಇಷ್ಟು ಚುರುಕಾದ ಕಾಲುಗಳು ಐದು, ಹತ್ತು, ಇಪ್ಪತ್ತೊಂದು ಕಿಲೋಮೀಟರಿನ ಯಾವ ಪಟ್ಟಿಗೂ ಏರದೆ ಮರೆಯಾಗುವುದು ನನ್ನನ್ನು ಬಹಳ ಕಾಡುತ್ತದೆ. ಮೇಷ್ಟ್ರು, ಬ್ಯಾಂಕಿನವರು, ಕಬ್ಬು ಭತ್ತ ಬೆಳೆಯುವವರು, ಅಂಗಡಿಯವರು ಹೀಗೆ ಮೂವತ್ತು ನಲವತ್ತು ದಾಟಿದ ಮೇಲೂ ಓಡುವ ಕೆಲವರಿದ್ದಾರೆ. ಈ ಬರಹದ ಲೆಕ್ಕ ಅವರದು.

ಮೊದಲು ಶೂ. ಒಂದು ಜೊತೆ ಓಟದ ಶೂ 500ರಿಂದ 800 ಕಿಲೋಮೀಟರ್ ಬರುತ್ತದೆ ಎಂಬುದು ಎಲ್ಲ ಕಡೆ ಒಪ್ಪಿದ ಅಂದಾಜು. ಅದಾದ ಮೇಲೆ ಮೇಲ್ಭಾಗ ಗಟ್ಟಿಯಾಗಿದ್ದರೂ ಅಡಿಯ ಮೆತ್ತೆ ಸತ್ತಿರುತ್ತದೆ, ಮೊಣಕಾಲಿಗೂ ಹಿಮ್ಮಡಿಗೂ ಪೆಟ್ಟು ಹೋಗುತ್ತದೆ. ಐದು ಸಾವಿರ ರೂಪಾಯಿಯ ಶೂ 600 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 8 ರೂಪಾಯಿಗೂ ಸ್ವಲ್ಪ ಹೆಚ್ಚೇ ಬೀಳುತ್ತದೆ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿನಲ್ಲಿ ಅದೇ ದಾರಿ ಹೋದರೆ ಪೆಟ್ರೋಲಿಗೆ ಸುಮಾರು 2 ರೂಪಾಯಿ. ನಡಿಗೆ ಓಟಗಳಿಗೆ ಕಾಸು ಬೇಡ ಎನ್ನುವವರು ಈ ಸಂಖ್ಯೆಯನ್ನೊಮ್ಮೆ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. ಅದಕ್ಕೂ ಮೇಲಿನದಕ್ಕೆ ಶೇ 18. ದಿನವೂ ಡಾಂಬರು ರಸ್ತೆಯಲ್ಲಿ ಓಡುವವನಿಗೆ ತಾಳುವ ಶೂಗಳಲ್ಲಿ ಹೆಚ್ಚಿನವು 2,500ರ ಗೆರೆಯ ಆಚೆಗೇ ಇವೆ. ಅಗ್ನಿವೀರ್ ಆಗಲು ಓಡುವ ಹುಡುಗನೂ ತನ್ನ ಶೂಗೆ ಐಷಾರಾಮದ ತೆರಿಗೆ ಕಟ್ಟಿದ ಹಾಗಾಗುತ್ತದೆ. ಓಟದ ಶೂಗಾದರೂ ಈ ಗೆರೆಯನ್ನು ಮೇಲಕ್ಕೆ ಏರಿಸಬೇಕಿತ್ತು.

2017ರಿಂದೀಚೆಗೆ ಕಾರ್ಬನ್ ಪಟ್ಟಿ ಹಾಕಿದ ಶೂಗಳು ಬಂದಿವೆ. ಬೆಲೆ ಹದಿನೈದು ಇಪ್ಪತ್ತು ಸಾವಿರ. ಅವುಗಳ ಅಡಿ ಎಷ್ಟು ದಪ್ಪವಿರಬಹುದು ಎಂಬುದಕ್ಕೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮ ಮಾಡಬೇಕಾಯಿತು. ಶೇ 4ರಷ್ಟು ಶಕ್ತಿ ಉಳಿಯುತ್ತದೆ ಎಂಬ ಹೆಸರಾಂತ ಪ್ರಯೋಗ ನಡೆದದ್ದು ಗಂಟೆಗೆ 14ರಿಂದ 18 ಕಿಲೋಮೀಟರ್ ವೇಗದಲ್ಲಿ ಓಡುವವರ ಮೇಲೆ. ಗಂಟೆಗೆ ಹತ್ತು ಕಿಲೋಮೀಟರ್ ಓಡುವವರು ಅದನ್ನು ನಂಬಿ ಸಾಲ ಮಾಡುವುದು ಬೇಡ.

ಖರ್ಚು ತಗ್ಗಿಸಲು ಮಂಡ್ಯದವರಿಗೆ ಒಂದು ದಾರಿ ಸುಲಭವಾಗಿದೆ. ಒಂದೂವರೆ ಗಂಟೆಗೂ ಹೆಚ್ಚು ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕಾಗುತ್ತದೆ. ಅದಕ್ಕಾಗಿ ನಗರದ ಓಟಗಾರರು ಜೆಲ್ ಪೊಟ್ಟಣ ಕೊಳ್ಳುತ್ತಾರೆ. ಒಂದಕ್ಕೆ ನೂರು ರೂಪಾಯಿ, ಕೆಲವಕ್ಕೆ ಇನ್ನೂ ಹೆಚ್ಚು. ಒಳಗಿರುವುದು ಸುಮಾರು 25 ಗ್ರಾಂ ಸಕ್ಕರೆ. ಆಲೆಮನೆಯ ಬೆಲ್ಲದ ಒಂದು ಉಂಡೆಯಲ್ಲೂ ಅಷ್ಟೇ ಸಿಗುತ್ತದೆ. ಜೊತೆಗೆ ಉಪ್ಪು ಹಾಕಿದ ನಿಂಬೆಹಣ್ಣಿನ ನೀರು. ಓಟದ ದಿನವೇ ಮೊದಲ ಸಲ ಪ್ರಯೋಗ ಮಾಡಬಾರದು, ಅಭ್ಯಾಸದಲ್ಲೇ ಹೊಟ್ಟೆಗೆ ಒಗ್ಗಿಸಿಕೊಂಡಿರಬೇಕು.

ಇನ್ನು ಪ್ರವೇಶ ಶುಲ್ಕ. ಸಂಘ ಸಂಸ್ಥೆಗಳು ಆಸುಪಾಸಿನಲ್ಲಿ ನಡೆಸುವ ಓಟಗಳಿಗೆ ಕೆಲವು ನೂರು ರೂಪಾಯಿ ಸಾಕು. ಬೆಂಗಳೂರಿನ ದೊಡ್ಡ ಓಟಗಳು ಸಾವಿರ ದಾಟುತ್ತವೆ. 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಇವತ್ತು ದೇಶದ ಹೆಸರಾಂತ ಹತ್ತು ಕಿಲೋಮೀಟರ್ ಓಟ. ಅದರ ಪಟ್ಟಿಯಲ್ಲಿ ಹೆಸರು ಬರಬೇಕೆಂಬ ಆಸೆ ಸಹಜ. ಶುಲ್ಕದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ರಸ್ತೆ ಬಂದ್ ಮಾಡಿಸುವುದು, ನೀರು, ಆಂಬುಲೆನ್ಸ್, ಚಿಪ್ ಎಲ್ಲಕ್ಕೂ ಹಣ ಬೇಕು. ನಮ್ಮ ಕಡೆಯವರನ್ನು ಹಿಂಡುವುದು ಬಿಬ್ ಪಡೆಯುವ ಕ್ರಮ. ಎದೆಗೆ ಕಟ್ಟಿಕೊಳ್ಳುವ ಆ ನಂಬರನ್ನು ದೊಡ್ಡ ಓಟಗಳಲ್ಲಿ ಓಟದ ದಿನ ಕೊಡುವುದಿಲ್ಲ. ಹಿಂದಿನ ಎರಡು ಮೂರು ದಿನಗಳಲ್ಲಿ ‘ಎಕ್ಸ್‌ಪೋ’ ಎಂಬ ಮೇಳಕ್ಕೆ ಹೋಗಿ ಗುರುತಿನ ಚೀಟಿ ತೋರಿಸಿ ತರಬೇಕು. ಓಟವೋ ಬೆಳಕು ಹರಿಯುವ ಮೊದಲೇ ಶುರು. ಹೀಗಾಗಿ ಶ್ರೀರಂಗಪಟ್ಟಣದಿಂದ ಸುಮಾರು 125 ಕಿಲೋಮೀಟರ್ ದೂರದ ಬೆಂಗಳೂರಿಗೆ ಶನಿವಾರವೇ ಹೋಗಿ, ಬಿಬ್ ಪಡೆದು, ಲಾಡ್ಜಿನಲ್ಲಿ ತಂಗಿ, ಭಾನುವಾರ ಓಡಿ ಬರಬೇಕು. ಶನಿವಾರ ರಜೆ ಹಾಕಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಬೆಂಗಳೂರಿನವನು ಮನೆಯಲ್ಲಿ ಮಲಗಿ ಎದ್ದು, ಓಟಕ್ಕೆಂದು ಬೇಗ ಬಿಡುವ ಮೆಟ್ರೊ ಹತ್ತಿ ಬರುತ್ತಾನೆ.

ಒಂದು ಮಾದರಿ ಲೆಕ್ಕ ಹಾಕೋಣ. ಬೆಲೆಗಳೆಲ್ಲ ಅಂದಾಜು, ನಿಮ್ಮ ಕೈಯಲ್ಲಿ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ವಾರಕ್ಕೆ 30 ಕಿಲೋಮೀಟರಿನಂತೆ 50 ವಾರ ಓಡಿದರೆ ವರ್ಷಕ್ಕೆ 1,500 ಕಿಲೋಮೀಟರ್. ಅದಕ್ಕೆ ಎರಡೂವರೆ ಜೊತೆ ಶೂ, 12,500 ರೂಪಾಯಿ. ಬಟ್ಟೆ, ಕಾಲುಚೀಲಕ್ಕೆ 2,000. ಹತ್ತಿರದ ಎರಡು ಓಟ, ಮೈಸೂರಿನ ಒಂದು, ಬೆಂಗಳೂರಿನ ಎರಡು ಎಂದರೆ ಪ್ರವೇಶ ಶುಲ್ಕ 5,000. ಹತ್ತಿರದ ಮೂರಕ್ಕೆ ಹೋಗಿ ಬರುವ ಖರ್ಚು 900. ಬೆಂಗಳೂರಿಗೆ ಒಂದು ಸಲಕ್ಕೆ ಬಸ್ಸು, ಲಾಡ್ಜು, ಊಟ, ಆಟೋ ಸೇರಿ 2,700ರಂತೆ ಎರಡು ಸಲಕ್ಕೆ 5,400. ಒಟ್ಟು 25,800 ರೂಪಾಯಿ, ಕಿಲೋಮೀಟರಿಗೆ 17ರ ಮೇಲೆ. ಕಳೆದುಕೊಂಡ ದುಡಿಮೆಯನ್ನು ಇದರಲ್ಲಿ ಸೇರಿಸಿಲ್ಲ.

ಈ ಮೊತ್ತವನ್ನು ಸ್ವಲ್ಪ ಬಿಡಿಸಿ ನೋಡಿ. 1,500 ಕಿಲೋಮೀಟರ್ ಓಡುವುದಕ್ಕೆ 14,500 ಸಾಕು. ಉಳಿದ 11,300 ಐದು ಬೆಳಗುಗಳಿಗೆ ಹೋಗಿದೆ. ಆ ಐದರಲ್ಲೂ ಬೆಂಗಳೂರಿನ ಎರಡೇ 8,400 ನುಂಗಿವೆ. ಒಂದೊಂದಕ್ಕೆ 4,200. ಅದೇ ಗೆರೆಯಲ್ಲಿ ನಿಂತ ಬೆಂಗಳೂರಿನವನಿಗೆ ಶುಲ್ಕ 1,500, ಮೇಲೆ ಮೆಟ್ರೊಗೆ ನೂರು ರೂಪಾಯಿ. ದೂರ ಒಂದೇ, ಪದಕ ಒಂದೇ.

ಹೆಣ್ಣುಮಕ್ಕಳ ಹಾಳೆಯಲ್ಲಿ ಒಂದು ಸಾಲು ಬದಲಾಗಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಪಾಂಡವಪುರದ ಓಟಗಾರ್ತಿ ಬೆಂಗಳೂರಿಗೆ ಬಸ್ಸಿನಲ್ಲಿ ಟಿಕೆಟ್ ಕಾಸಿಲ್ಲದೆ ಹೋಗಿಬರಬಹುದು. ಆದರೆ ಒಬ್ಬಳೇ ಲಾಡ್ಜಿನಲ್ಲಿ ಉಳಿಯುವುದಕ್ಕೆ ಮನೆಯವರು ಒಪ್ಪಬೇಕು. ಅಣ್ಣನೋ ಗಂಡನೋ ಜೊತೆಗೆ ಬಂದರೆ ಖರ್ಚು ಎರಡಾಯಿತು. ಊರಿನ ಅಭ್ಯಾಸವೂ ಸಲೀಸಲ್ಲ. ಕತ್ತಲಿರುವಾಗ ಕಬ್ಬಿನ ಗದ್ದೆಯ ಪಕ್ಕ ಓಡಬೇಕು. 2022ರ ನವೆಂಬರಿನಲ್ಲಿ ಚಿರತೆಯ ಕಾಟಕ್ಕೆ ಬೃಂದಾವನ ಉದ್ಯಾನವನ್ನೇ ಮುಚ್ಚಬೇಕಾಗಿ ಬಂದ ಸೀಮೆ ಇದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಬಿದ್ದು 30 ಜನ ತೀರಿಹೋದದ್ದು ನಮ್ಮ ಕಡೆಯ ವಿಶ್ವೇಶ್ವರಯ್ಯ ನಾಲೆಯಲ್ಲಿ. ತಡೆಗೋಡೆ ಇಲ್ಲದ ಕಡೆ ಕತ್ತಲಲ್ಲಿ ವಾಹನಕ್ಕೆ ಜಾಗ ಬಿಡಲು ಪಕ್ಕಕ್ಕೆ ಸರಿಯುವುದು ಎಷ್ಟು ಅಪಾಯ ಎಂಬುದು ಅಲ್ಲಿ ಓಡುವವರಿಗೆಲ್ಲ ಗೊತ್ತು. ಮಿನುಗುವ ಪಟ್ಟಿಯ ಜಾಕೆಟ್ಟು, ತಲೆಗೆ ಕಟ್ಟುವ ಟಾರ್ಚು ಈ ಎರಡನ್ನು ಮಾತ್ರ ಯಾರೂ ಉಳಿತಾಯದ ಪಟ್ಟಿಗೆ ಸೇರಿಸಬಾರದು.

ನಮ್ಮ ಮನೆ ಬಾಗಿಲಲ್ಲೇ ಹೆಸರಾಂತ ಓಟವೊಂದಿದೆ. ಬೆಂಗಳೂರಿನ ‘ರನ್ನರ್ಸ್ ಫಾರ್ ಲೈಫ್’ ಬಳಗ ಬೆಳೆಸಿದ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತ ಬಂದಿರುವುದು ರಂಗನತಿಟ್ಟಿನ ಆಸುಪಾಸಿನ ನಾಲೆ ಏರಿಯ ಮಣ್ಣುದಾರಿಯಲ್ಲಿ. ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಜಾಗ ಅದು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ, ನಡುವೆ ಎತ್ತಿನ ಗಾಡಿ ಹೋಗುವ ದಾರಿ. ಹೋದ ದಾರಿಯಲ್ಲೇ ತಿರುಗಿ ಬರಬೇಕು. ಬಿಸಿಲೇರಿದರೆ ಫುಲ್ ಮ್ಯಾರಥಾನ್ ಓಡುವವರಿಗೆ ಕೊನೆಯ ಹತ್ತು ಕಿಲೋಮೀಟರ್ ಬಹಳ ಕಷ್ಟ. ಇಲ್ಲಿಗೆ ಓಡಲು ಬೆಂಗಳೂರಿನವರು ಮೈಸೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ರೂಮು ಹಿಡಿಯುತ್ತಾರೆ, ಕಾರಿಗೆ ಪೆಟ್ರೋಲ್ ಹಾಕಿಸುತ್ತಾರೆ. ಮೇಲೆ ಹೇಳಿದ 4,200ರ ಲೆಕ್ಕ ಇಲ್ಲಿ ಅವರ ಪಾಲಿಗೆ ಬರುತ್ತದೆ. ಪಾಲಹಳ್ಳಿಯ ಹುಡುಗ ಸೈಕಲ್ಲಿನಲ್ಲಿ ಬಂದು ಓಡಬಹುದು. ವರ್ಷಕ್ಕೆ ಒಂದೇ ಓಟಕ್ಕೆ ದುಡ್ಡು ಹೊಂದಿಸಲು ಸಾಧ್ಯವಿರುವ ನಮ್ಮವರಿಗೆ ನಾನು ಹೇಳುವುದು, ಅದನ್ನು ಮನೆಯ ಹತ್ತಿರದ ಓಟಕ್ಕೆ ಹಾಕಿ, ಮುಂದಿನ ವರ್ಷವೂ ಅದಕ್ಕೇ ಹಾಕಿ ಎಂದು.

ಹೀಗೆ ಹೇಳಲು ಖರ್ಚಿನ ಜೊತೆ ಫಲಿತಾಂಶದ ಕಾರಣವೂ ಇದೆ. ನಾಲ್ಕು ಊರಿನ ನಾಲ್ಕು ಓಟಗಳ ಸಮಯವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನಾಲೆ ಏರಿಯ ಮಣ್ಣು, ಜಲ್ಲಿ ಕಾಲನ್ನು ಹಿಡಿಯುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು ಫ್ಲೈಓವರ್‌ಗಳ ಏರಿಳಿತವೂ ಅಲ್ಲಿದೆ. ಮುಂಬೈಯಲ್ಲಿ ಜನವರಿಯಲ್ಲೂ ಕಡಲ ತೇವ, ಮೇಲೆ ಪೆಡ್ಡರ್ ರೋಡಿನ ಏರು. ಹಾಫ್ ಮ್ಯಾರಥಾನಿನಲ್ಲಿ ಒಂದು ಕಡೆ 2 ಗಂಟೆ 5 ನಿಮಿಷ, ಇನ್ನೊಂದು ಕಡೆ 1 ಗಂಟೆ 58 ನಿಮಿಷ ಬಂದರೆ ಓಟಗಾರ ಸುಧಾರಿಸಿದನೋ ದಾರಿ ಸುಲಭವಾಗಿತ್ತೋ ಹೇಳಲಾಗದು. ಒಂದೇ ದಾರಿ, ಒಂದೇ ತಿಂಗಳು, ವರ್ಷ ಮಾತ್ರ ಬೇರೆಯಾದರೆ ಆ ಏಳು ನಿಮಿಷ ಕಾಲಿನ ಸಂಪಾದನೆ ಎಂದು ಬಹುಮಟ್ಟಿಗೆ ನಂಬಬಹುದು.

ಪಟ್ಟಿ ಓದುವಾಗ ಇನ್ನೆರಡು ವಿಷಯ ತಿಳಿದಿರಬೇಕು. ಸಾವಿರಾರು ಜನ ನಿಂತಲ್ಲಿ ಗುಂಡು ಹಾರಿದ ಮೇಲೆ ಹಿಂದಿನವರು ಆರಂಭದ ಗೆರೆ ತಲುಪಲು ನಿಮಿಷಗಳೇ ಬೇಕು. ಗುಂಡಿನಿಂದ ಎಣಿಸಿದ್ದು ಗನ್ ಟೈಮ್. ಬಿಬ್ಬಿನ ಚಿಪ್ಪು ಆರಂಭದ ಗೆರೆ ದಾಟಿದಾಗಿನಿಂದ ಎಣಿಸಿದ್ದು ಚಿಪ್ ಟೈಮ್. ನಿಮ್ಮ ಹಾಳೆಗೆ ಬರೆದುಕೊಳ್ಳಬೇಕಾದ್ದು ಎರಡನೆಯದು. ಮತ್ತೊಂದು ವಯಸ್ಸು. ಪ್ರತಿ ವಯಸ್ಸಿನ ಅತ್ಯುತ್ತಮ ಸಮಯಗಳಿಗೆ ಹೋಲಿಸಿ ಅಳೆಯುವ ಕೋಷ್ಟಕಗಳನ್ನು ಹಿರಿಯರ ಅಥ್ಲೆಟಿಕ್ಸಿನಲ್ಲಿ ಬಳಸುತ್ತಾರೆ. ಅದರ ಪ್ರಕಾರ 30ರ ವಯಸ್ಸಿನಲ್ಲಿ 2 ಗಂಟೆ 10 ನಿಮಿಷಕ್ಕೆ ಹಾಫ್ ಮುಗಿಸಿದವರು 45ರಲ್ಲಿ 2 ಗಂಟೆ 15 ನಿಮಿಷಕ್ಕೆ ಮುಗಿಸಿದರೆ ಎರಡನೆಯದೇ ಮೇಲಾದ ಓಟ. ಐದು ನಿಮಿಷ ಹಿಂದೆ ಬಿದ್ದೆ ಎಂದು ಬೇಸರ ಪಡುವ ನಡುವಯಸ್ಸಿನ ಗೆಳೆಯರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಓಟಕ್ಕಿಂತ ಲೆಕ್ಕಕ್ಕೆ ಸೇರುವುದು ದುಬಾರಿ ಎಂಬುದು ಇವತ್ತಿನ ಕಥೆಯಲ್ಲ. ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿದರು. ಆಗ ಒಲಿಂಪಿಕ್ಸ್ ಹವ್ಯಾಸಿಗಳ ಕೂಟ, ಓಟದಿಂದ ಸಂಪಾದಿಸುವವರಿಗೆ ಅಲ್ಲಿ ಜಾಗವಿರಲಿಲ್ಲ. ಭಾರತದ ತಂಡ ಹೊರಡಲು ದೊರಾಬ್ಜಿ ಟಾಟಾ ಕೈಯಿಂದ ಹಣ ಹಾಕಿದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಇವತ್ತಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಮುಗಿಸಿ 19ನೆಯವರಾದರು. ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ. ಇಂದಿನ ಶೂ, ಜೆಲ್, ವಾಚುಗಳೆಲ್ಲ ಇದ್ದೂ ನಮ್ಮ ಹವ್ಯಾಸಿಗಳಲ್ಲಿ ಆ ವೇಗವನ್ನು ಅಷ್ಟು ದೂರ ಹಿಡಿಯುವವರು ವಿರಳ. ಕಾಲು ಅವರದೇ ಆಗಿತ್ತು. ಆ ಕಾಲು ಗಡಿಯಾರದ ಮುಂದೆ ಹೋಗಿ ನಿಲ್ಲಲು ಹಡಗಿನ ಚಾರ್ಜು ಕೊಡುವವರೊಬ್ಬರು ಬೇಕಾದರು.

ಗಡಿಯಾರವೇ ಓಟಗಾರನ ಊರಿಗೆ ಬಂದರೆ? ಇಂಗ್ಲೆಂಡಿನಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ 5 ಕಿಲೋಮೀಟರ್ ಓಡಿದರು. ಶುಲ್ಕವಿಲ್ಲ, ಪದಕವಿಲ್ಲ, ಟೀ ಶರ್ಟಿಲ್ಲ, ಸ್ವಯಂಸೇವಕರು ಸಮಯ ಬರೆದರು. ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹಬ್ಬಿ ಇವತ್ತಿಗೂ ವಾರವಾರ ಉಚಿತವಾಗಿ ನಡೆಯುತ್ತಿದೆ. ಮೊದಲು ಬಂದವರ ಸಮಯವೂ ಕೊನೆಯಲ್ಲಿ ಬಂದವರ ಸಮಯವೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ.

ನಮ್ಮಲ್ಲಿ ಇದಕ್ಕೆ ಮೊದಲು ಬೇಕಾದ್ದು ಸರಿಯಾಗಿ ಅಳೆದ ಒಂದು ದಾರಿ. ಮೊಬೈಲ್ ಆ್ಯಪಿನ ಅಳತೆ ಮರಗಳ ನಡುವೆ, ತಿರುವುಗಳಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಅಂತರರಾಷ್ಟ್ರೀಯ ಓಟಗಳ ದಾರಿಯನ್ನು ಇವತ್ತಿಗೂ ಅಳೆಯುವುದು ಸೈಕಲ್ಲಿನಿಂದ. ಉಕ್ಕಿನ ಟೇಪಿನಲ್ಲಿ ಮುನ್ನೂರು ಮೀಟರಿಗೆ ಕಡಿಮೆಯಿಲ್ಲದ ನೇರ ರಸ್ತೆಯನ್ನು ಅಳೆದು ಗುರುತು ಹಾಕುತ್ತಾರೆ. ಅದರ ಮೇಲೆ ಸೈಕಲ್ ಓಡಿಸಿ ಚಕ್ರ ಎಷ್ಟು ಸುತ್ತಿತು ಎಂದು ಎಣಿಸುತ್ತಾರೆ. ಎಣಿಕೆಗೆ ಚಕ್ರದ ಅಚ್ಚಿಗೆ ಕೂರಿಸುವ ಜೋನ್ಸ್ ಕೌಂಟರ್ ಎಂಬ ಸಣ್ಣ ಯಂತ್ರವಿದೆ. ಆಮೇಲೆ ಅದೇ ಸೈಕಲ್ಲಿನಲ್ಲಿ ಓಟದ ದಾರಿಯನ್ನು, ಓಟಗಾರ ತಿರುವಿನ ಒಳಅಂಚು ಹಿಡಿದು ಹೋಗುವ ಅತಿ ಹತ್ತಿರದ ಗೆರೆಯಲ್ಲೇ ಅಳೆಯುತ್ತಾರೆ. ದಾರಿ ಅಪ್ಪಿತಪ್ಪಿಯೂ ಗಿಡ್ಡವಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. 10 ಕಿಲೋಮೀಟರಿನ ಓಟಕ್ಕೆ 10,010 ಮೀಟರ್ ಹಾಕುತ್ತಾರೆ. ಶ್ರೀರಂಗಪಟ್ಟಣದ ಕೋಟೆಯಿಂದ ಗಂಜಾಂ ಮಾರ್ಗವಾಗಿ ಸಂಗಮಕ್ಕೆ ಹೋಗುವ ರಸ್ತೆಯನ್ನು, ಪಾಂಡವಪುರದಿಂದ ಕುಂತಿ ಬೆಟ್ಟದ ಕಡೆ ಹೋಗುವ ದಾರಿಯನ್ನು ಯಾವ ಹೈಸ್ಕೂಲಿನ ಗಣಿತದ ಮೇಷ್ಟ್ರಾದರೂ ಹತ್ತನೇ ತರಗತಿ ಮಕ್ಕಳ ಕೈಯಲ್ಲಿ ಹೀಗೆ ಅಳೆಸಬಹುದು. ಒಂದು ಟೇಪು, ಒಂದು ಸೈಕಲ್ಲು, ಒಂದು ಡಬ್ಬಿ ಬಿಳಿ ಬಣ್ಣ ಸಾಕು. ಕಿಲೋಮೀಟರ್ ಗುರುತು ರಸ್ತೆಯ ಮೇಲೆ ಬಿದ್ದರೆ ಭಾನುವಾರ ಬೆಳಿಗ್ಗೆ ಒಬ್ಬರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತರಾಯಿತು.

ಸರ್ಕಾರದ ಕಡೆಯಿಂದಲೂ ಒಂದು ಕೆಲಸ ಆಗಬೇಕು, ಅದಕ್ಕೆ ಬಜೆಟ್ ಬೇಡ. ದಸರಾ ಕ್ರೀಡಾಕೂಟ ಪ್ರತಿವರ್ಷ ತಾಲ್ಲೂಕು ಮಟ್ಟದಲ್ಲಿ ಶುರುವಾಗಿ ಜಿಲ್ಲೆ, ವಿಭಾಗ ದಾಟಿ ಮೈಸೂರಿನ ರಾಜ್ಯಮಟ್ಟಕ್ಕೆ ಹೋಗುತ್ತದೆ. ನಾಗಮಂಗಲದ ಹುಡುಗನಿಗೂ ಕೆ.ಆರ್. ಪೇಟೆಯ ಹುಡುಗಿಗೂ ಲಾಡ್ಜಿನ ಖರ್ಚಿಲ್ಲದೆ ಓಡಲು ಸಿಗುವ ಅವಕಾಶ ಅದು. ಮೈದಾನದಲ್ಲಿ ಮೊದಲ ಮೂವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಗೆದ್ದವರು ಮುಂದಕ್ಕೆ ಹೋಗುತ್ತಾರೆ, ಉಳಿದವರು ಮನೆಗೆ ಹೋಗುತ್ತಾರೆ. ಏಳನೆಯವನು ಎಷ್ಟು ನಿಮಿಷಕ್ಕೆ ಬಂದ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಈ ಸಲದ ಕೂಟದಿಂದಲೇ ಉದ್ದದ ಓಟಗಳಲ್ಲಿ ಮುಗಿಸಿದ ಪ್ರತಿಯೊಬ್ಬರ ಸಮಯ ಬರೆಯಲಿ. ಅಂತಿಮ ಗೆರೆಯಲ್ಲಿ ಒಬ್ಬ ಶಿಕ್ಷಕರು ಸ್ಟಾಪ್‌ವಾಚ್ ನೋಡಿ ಸಮಯ ಕೂಗಲಿ, ಇನ್ನೊಬ್ಬರು ಎದೆಯ ನಂಬರಿನ ಮುಂದೆ ಬರೆದುಕೊಳ್ಳಲಿ. ಸಂಜೆಗೆ ಆ ಹಾಳೆಯ ಫೋಟೋ ತಾಲ್ಲೂಕಿನ ದೈಹಿಕ ಶಿಕ್ಷಣ ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ಹೋಗಲಿ, ಒಂದು ಪ್ರತಿ ತಾಲ್ಲೂಕು ಕ್ರೀಡಾಂಗಣದ ಗೋಡೆಗೆ ಅಂಟಲಿ, ಇನ್ನೊಂದು ಮುಂದಿನ ವರ್ಷದ ಕೂಟದವರೆಗೆ ಕಡತದಲ್ಲಿ ಇರಲಿ.